ಲೇನಾಳ ಅಪ್ಪನಿಗೆ ಸಿಹಿಯಿಲ್ಲದ ಎಡೆ

ಮೊನ್ನೆ ಸಂಜೆ ಕರೆಂಟು ಹೋಯಿತು. ಇಂಡಿಯಿಂದ ತಮ್ಮ ಕಳಿಸಿದ ನಿಂಬೆಹಣ್ಣುಗಳನ್ನು ಉಪ್ಪಿನಕಾಯಿಗೆಂದು ಹೆಚ್ಚುತ್ತ ಕೂತಿದ್ದೆ. ಕತ್ತಲಲ್ಲೇ ತಡಕಾಡಿ ಹಳೆಯ ಕಂದೀಲು ಇಳಿಸಿದೆ. ಅದರ ತಳದಲ್ಲಿ ಯಾವ ಕಾಲದ್ದೋ ಚಿಮಣಿ ಎಣ್ಣೆ ಒಂದಿಷ್ಟು ಉಳಿದಿತ್ತು, ಮುಚ್ಚಳ ತಿರುವುವಾಗ ಬೆರಳಿಗೆ ಹತ್ತಿತು. ಸೆರಗಿಗೆ ಒರೆಸಿಕೊಂಡು, ಎಣ್ಣೆ ಹೋಯಿತೋ ಇಲ್ಲವೋ ಎಂದು ಕೈಯನ್ನು ಮೂಗಿನ ಹತ್ತಿರ ತಂದೆ. ಮುಂದೆ ನಿಂಬೆ ಸಿಪ್ಪೆಯ ವಾಸನೆ, ಅದರ ಬೆನ್ನಿಗೆ ಚಿಮಣಿ ಎಣ್ಣೆಯ ವಾಸನೆ. ಅಷ್ಟೇ ಸಾಕಾಯಿತು. ದೀಪ ಹಚ್ಚುವುದನ್ನು ಬಿಟ್ಟು ಹಾಗೇ ಕೂತುಬಿಟ್ಟೆ. ಸಿಂದಗಿಯ ಹಳೆಯ ಮನೆ, ಅದರ ಅಂಗಳ, ಆ ಚಳಿಗಾಲ ಎಲ್ಲ ಒಮ್ಮೆಲೇ ಮುಂದೆ ಬಂದು ನಿಂತವು.

ನಾನು ಜನ್ಮದಲ್ಲಿ ವೈನು ಕುಡಿದವಳಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಪೂಜೆಯಾಗದೆ ಬಾಯಿಗೆ ನೀರು ಹಾಕದವಳು. ಆದರೂ ಜರ್ಮನಿಯ ಒಂದು ಬಿಳಿ ವೈನಿನ ಜೊತೆ ಏನು ಉಣ್ಣಬೇಕು, ಏನು ಉಣ್ಣಬಾರದು ಎಂದು ಕೇಳಿದರೆ ಇವತ್ತಿಗೂ ಹೇಳಬಲ್ಲೆ. ಮನೆಯವರು ನಗುತ್ತಾರೆ. ನಗಲಿ. ಅದನ್ನು ಕಲಿಸಿದವಳು ನೆನಪಾದಾಗಲೆಲ್ಲ ನಾನು ಬಸವಣ್ಣನಿಗೆ ಇನ್ನೊಂದು ಸಲ ಕೈ ಮುಗಿಯುತ್ತೇನೆ.

ಎಪ್ಪತ್ತರ ದಶಕದ ಆ ದೊಡ್ಡ ಬರ ಕಳೆದ ಮರುವರ್ಷ ಅದು. ಮಳೆ ತಿರುಗಿ ಬಂದಿತ್ತು, ಹೊಲದಲ್ಲಿ ಹಿಂಗಾರಿ ಬಿತ್ತನೆ ನಡೆದಿತ್ತು. ಆದರೆ ಕುಡಿಯುವ ನೀರಿನ ಹೆದರಿಕೆ ಜನರ ಮನಸ್ಸಿನಿಂದ ಇನ್ನೂ ಇಳಿದಿರಲಿಲ್ಲ. ಆ ಹೊತ್ತಿನಲ್ಲಿ ಮೋರಟಗಿ, ಕನ್ನೊಳ್ಳಿ ಕಡೆ ಬೋರು ಕೊರೆಯಲು ಜರ್ಮನಿಯ ಯಂತ್ರವೊಂದು ಬಂತು. ಯಂತ್ರದ ಜೊತೆ ಪೀಟರ್ ಎಂಬ ಎಂಜಿನಿಯರು, ಅವರ ಜೊತೆ ಅವರ ಹೆಂಡತಿ ಲೇನಾ. ಪೀಟರ್ ಸಾಹೇಬರು ವಾರವೆಲ್ಲ ಯಂತ್ರದ ಹತ್ತಿರ ಡೇರೆಯಲ್ಲಿರುತ್ತಿದ್ದರು. ಹೆಂಗಸನ್ನು ಅಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಊರಲ್ಲಿ ಇಂಗ್ಲಿಷ್ ಮಾತಾಡುವ ಮನೆ ಯಾವುದೆಂದು ಕೇಳುತ್ತ ಕೇಳುತ್ತ ಆ ಗಂಡ ಹೆಂಡತಿ ನಮ್ಮ ಬಾಗಿಲಿಗೆ ಬಂದರು, ಮುಂದಿನ ಕೋಣೆಯನ್ನು ಅವರಿಗೆ ಬಾಡಿಗೆಗೆ ಕೊಟ್ಟೆವು.

ಕೊಡುವ ಮೊದಲು ಅತ್ತೆಯವರು ಎರಡು ಕರಾರು ಹಾಕಿದರು. ಮನೆಯಲ್ಲಿ ಮಾಂಸ ಬೇಯಬಾರದು, ಸೆರೆ ಹೊಸ್ತಿಲು ದಾಟಬಾರದು. ಯಜಮಾನರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದರು. ಅತ್ತೆಯವರು ಮುದ್ದೇಬಿಹಾಳದ ಕಡೆಯವರು, ಬಿಳಿ ಸೀರೆ, ಹಣೆ ತುಂಬ ವಿಭೂತಿ, ಮಾತು ಕಡಿಮೆ. ಅವರ ಮಾತು ಓಣಿಯಲ್ಲೇ ಯಾರೂ ಮೀರುತ್ತಿರಲಿಲ್ಲ, ಇನ್ನು ಬಾಡಿಗೆಗೆ ಬಂದವರ ಮಾತೇನು.

ಲೇನಾಳಿಗೆ ಹಗಲೆಲ್ಲ ಮಾಡಲು ಕೆಲಸವಿರಲಿಲ್ಲ. ಮದುವೆಯಾಗಿ ಕೆಲವು ವರ್ಷವಾದರೂ ನನ್ನ ಮಡಿಲು ಆಗ ಇನ್ನೂ ಬರಿದೇ ಇತ್ತು, ನನಗೂ ಮಧ್ಯಾಹ್ನಗಳು ಉದ್ದವಾಗಿದ್ದವು. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕೂರುತ್ತಿದ್ದಳು. ಹೊಸ್ತಿಲ ಮೇಲೆ ಕೂರಬಾರದೆಂದು ಅತ್ತೆಯವರು ಗದರಿಸಿದರು. ಲಿಂಗ ಕಟ್ಟದವರನ್ನು ಒಳಗೆ ಕರೆಯುವಂತೆಯೂ ಇಲ್ಲ. ಕೊನೆಗೆ ಅವರೇ ಒಂದು ಮಣೆ ತಂದು ಹೊಸ್ತಿಲ ಹೊರಗೆ ಹಾಕಿದರು. ಆ ಮಣೆ ಅವಳದೇ ಆಗಿ ಹೋಯಿತು. ಅಲ್ಲಿಂದಲೇ ನಾನು ರೊಟ್ಟಿ ಬಡಿಯುವುದು ನೋಡುತ್ತಿದ್ದಳು, ಅಲ್ಲಿಂದಲೇ ಮಾತು ಕಲಿತಳು. ಪುಸ್ತಕದ ಕನ್ನಡವಲ್ಲ, ನಮ್ಮ ಒಲೆಯ ಮುಂದಿನ ಕನ್ನಡ. ಅತ್ತೆಯವರ ನಾಲಿಗೆಗೆ ಲೇನಾ ಎಂಬ ಹೆಸರು ಒಗ್ಗಲಿಲ್ಲ, ಅವರಿಗೆ ಅವಳು ಲೀಲವ್ವ. ಅವಳಿಗೆ ಅವರು ಅವ್ವಾರು, ನಾನು ಅಕ್ಕಾರು.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ತನ್ನ ಕೋಣೆಗೆ ಕರೆದು ಟ್ರಂಕು ತೆಗೆದಳು. ಉಣ್ಣೆಯ ಕಾಲುಚೀಲಗಳ ನಡುವೆ ಒಂದು ಬಾಟಲಿ ಮಲಗಿತ್ತು. ಉದ್ದ ಕುತ್ತಿಗೆ, ನಮ್ಮ ಹಸಿರು ಬಳೆಯ ಬಣ್ಣ. ನೋಡಿದ ಕೂಡಲೇ ಅತ್ತೆಯವರ ಕರಾರು ನೆನಪಾಗಿ ಬಾಗಿಲ ಕಡೆ ತಿರುಗಿ ನೋಡಿದೆ. ಅವಳ ಮುಖದಲ್ಲಿ ಮಾತ್ರ ಅಂಥ ಅಳುಕು ಏನೂ ಇರಲಿಲ್ಲ. ಅವರ ಊರಲ್ಲಿ ಅದು ಸೆರೆಯ ಲೆಕ್ಕಕ್ಕೇ ಬರುವುದಿಲ್ಲವಂತೆ. ನಮ್ಮ ತಟ್ಟೆಯ ಪಕ್ಕ ಮಜ್ಜಿಗೆ ಇದ್ದಂತೆ ಅವರ ತಟ್ಟೆಯ ಪಕ್ಕ ಅದು.

ಅವಳ ಅಪ್ಪ ದ್ರಾಕ್ಷಿ ಬೆಳೆಯುವವರು. ಮೋಜೆಲ್ ಎಂಬ ನದಿಯ ದಂಡೆಗೆ ಕಡಿದಾದ ಗುಡ್ಡ, ಗುಡ್ಡದ ತುಂಬ ಬೂದುಬಣ್ಣದ ಹಾಸುಗಲ್ಲಿನ ಚೂರು, ಆ ಚೂರುಗಳ ಸಂದಿಯಲ್ಲಿ ಬಳ್ಳಿ. ರೀಸ್ಲಿಂಗ್ ಎನ್ನುವ ಸಣ್ಣ ಬಿಳಿ ದ್ರಾಕ್ಷಿ. ಅದರ ರಸವನ್ನು ಪೀಪಾಯಿಯಲ್ಲಿ ಹುಳಿಯಲು ಬಿಡುತ್ತಾರೆ. ಕೆಲವರು ಒಂದಿಷ್ಟು ಸಿಹಿ ಇರುವಾಗಲೇ ನಿಲ್ಲಿಸಿಬಿಡುತ್ತಾರಂತೆ. ಅವಳ ಅಪ್ಪ ಹಾಗೆ ನಿಲ್ಲಿಸುವವರಲ್ಲ. ಸಿಹಿಯೆಲ್ಲ ಕರಗಿ ಹೋಗಿ ಬರೀ ಹುಳಿ, ಕಲ್ಲಿನ ತಂಪು, ಹಣ್ಣಿನ ಪರಿಮಳ ಉಳಿಯುವತನಕ ಕಾಯುವವರು. ಅವಳು ಕೈಸನ್ನೆಯಲ್ಲಿ ಇದನ್ನು ಹೇಳಿದಾಗ ನನಗೆ ಸುಲಭವಾಗಿ ತಿಳಿಯಿತು. ರಾತ್ರಿ ಸಪ್ಪಗಿದ್ದ ಅಂಬಲಿ ಬೆಳಗಿನ ಹೊತ್ತಿಗೆ ಹುಳಿ ಹಿಡಿಯುವುದನ್ನು ದಿನವೂ ನೋಡುವವಳು ನಾನು.

ಬಾಟಲಿ ಕೊಡುವಾಗ ಅಪ್ಪ ಒಂದು ಮಾತು ಹೇಳಿದ್ದರಂತೆ. ಆ ದೇಶದಲ್ಲಿ ಇದಕ್ಕೆ ಹೊಂದುವ ಊಟ ಸಿಕ್ಕಾಗ ಮಾತ್ರ ತೆಗೆ, ಅಲ್ಲಿಯತನಕ ಮುಟ್ಟಬೇಡ. ಸಿಕ್ಕುವುದಿಲ್ಲವೆಂದು ಅವರಿಗೆ ಖಾತ್ರಿಯಿತ್ತು. ಮಗಳು ಬಾಟಲಿ ಸಮೇತ ಮನೆಗೆ ಮರಳುತ್ತಾಳೆ, ಆಗ ತಾವೇ ಕುಡಿಯೋಣ ಎಂಬ ಲೆಕ್ಕ ಮುದುಕನದು.

ಅಂದಿನಿಂದ ನಮ್ಮ ಮಧ್ಯಾಹ್ನಗಳಿಗೆ ಒಂದು ಕೆಲಸ ಸಿಕ್ಕಿತು. ನಾನು ಮಾಡಿದ್ದನ್ನೆಲ್ಲ ಒಂದು ಚೂರು ಅವಳಿಗೆ ಕೊಡುವುದು. ಅವಳು ಅದನ್ನು ಬಾಯಲ್ಲಿಟ್ಟು, ಮೇಲೊಂದು ಗುಟುಕು ನೀರು ಕುಡಿದು ಕಣ್ಣು ಮುಚ್ಚುವಳು. ಆ ನೀರನ್ನೇ ಅಪ್ಪನ ವೈನು ಎಂದುಕೊಳ್ಳುವಳು. ಹುಟ್ಟಿದಾಗಿನಿಂದ ಅದರ ವಾಸನೆಯಲ್ಲೇ ಬೆಳೆದವಳು, ಅದರ ರುಚಿ ನಾಲಿಗೆಯ ಮೇಲೇ ಇತ್ತು. ಆಮೇಲೆ ಕಣ್ಣು ತೆರೆದು "ನಡಿತೈತ್ರಿ" ಅನ್ನುವಳು, ಇಲ್ಲವೇ "ನಡ್ಯಾಂಗಿಲ್ರಿ" ಅನ್ನುವಳು. ನಮ್ಮ ಮಾತಲ್ಲಿ ಅವಳು ಮೊದಲು ಸರಿಯಾಗಿ ಕಲಿತದ್ದು ಇವೆರಡನ್ನೇ.

ಕೆಂಪು ಮೆಣಸಿನಕಾಯಿಯ ರಂಜಕ ಮೊದಲ ದಿನವೇ ಹೊರಗೆ ಬಿತ್ತು. ಖಾರದ ಮೇಲೆ ಆ ವೈನು ಕುಡಿದರೆ ಬಾಯಿ ಎರಡು ಪಟ್ಟು ಉರಿಯುತ್ತದಂತೆ. ಪುಂಡಿ ಪಲ್ಯ ತಿಂದು ಮುಖ ಕಿವುಚಿ, ಇದು ನಮ್ಮಪ್ಪನಿಗಿಂತ ಹುಳಿ ಐತಿ ಎಂದಳು. ಅಜವಾನ ಹಾಕಿ ಕರಿದ ಉಳ್ಳಾಗಡ್ಡಿ ಭಜಿ ನಡೆಯಿತು. ಎಣ್ಣೆಯ ಜಿಡ್ಡನ್ನು ಆ ಹುಳಿ ಕತ್ತರಿಸುತ್ತದೆ ಎಂದಳು. ಉಪ್ಪು ಹಾಕಿ ಹುರಿದ ಶೇಂಗಾ ನಡೆಯಿತು, ಅದನ್ನೇ ಬೆಳ್ಳುಳ್ಳಿ ಖಾರ ಹಾಕಿ ಹಿಂಡಿ ಮಾಡಿದರೆ ಇಲ್ಲ. ಓಣಿಯ ಮೆಹಬೂಬಬಿ ತಂದುಕೊಡುವ ಎಮ್ಮೆಯ ಹಾಲಿನ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ನೀರಿಳಿಸಿ, ಉಪ್ಪು ಬೆರೆಸಿ ಕೊಟ್ಟ ದಿನ ಅವಳು ಕಣ್ಣು ತೆರೆಯಲೇ ಇಲ್ಲ. ಅವರ ಊರಲ್ಲೂ ಹೀಗೇ ಒಂದು ಮಾಡುತ್ತಾರಂತೆ.

ಹೋಳಿಗೆ ಕೊಟ್ಟಾಗ ಮಾತ್ರ ಜಗಳವಾಯಿತು. ಹೋಳಿಗೆಯನ್ನು ಇಷ್ಟಪಟ್ಟು ತಿಂದಳು, ಇನ್ನೊಂದು ಬೇಡಿದಳು, ಆದರೆ ನಡೆಯುವುದಿಲ್ಲ ಎಂದಳು. ಸಿಹಿಯ ಪಕ್ಕ ನಿಂತರೆ ಅಪ್ಪನ ವೈನು ಬಡವಾಗುತ್ತದೆ, ನೀರಿಗೆ ನಿಂಬೆ ಹಿಂಡಿದ ಹಾಗೆ ಆಗುತ್ತದೆ ಎಂದಳು. ಹೋಳಿಗೆ ನಡೆಯದ ಊಟ ಅದೆಂಥ ಊಟ ಎಂದು ನಾನು ಸಿಟ್ಟಾಗಿ ಅವತ್ತು ಸಂಜೆಯತನಕ ಮಾತು ಬಿಟ್ಟಿದ್ದೆ.

ಇದನ್ನೆಲ್ಲ ಅವಳು ಅಪ್ಪನಿಗೆ ಬರೆಯುತ್ತಿದ್ದಳು. ಅವರಿಂದ ಉತ್ತರ ಬರುತ್ತಿತ್ತು, ಅವಳು ಅದನ್ನು ನನಗೆ ಓದಿ, ಅರ್ಧ ಮಾತಲ್ಲಿ ಅರ್ಧ ಕೈಯಲ್ಲಿ ತಿಳಿಸುತ್ತಿದ್ದಳು. ರಂಜಕದ ಬಗ್ಗೆ ಮುದುಕ, ಅದನ್ನು ಪೀಪಾಯಿ ತೊಳೆಯಲು ಕಳಿಸಿಕೊಡಿ ಎಂದು ಬರೆದಿದ್ದರು. ಹೋಳಿಗೆಯ ಜಗಳ ಕೇಳಿ, ಆ ತಾಯಿಯದು ತಪ್ಪಲ್ಲ, ನನಗೇ ಚಿಕ್ಕಂದಿನಿಂದ ಸಿಹಿ ಸೇರುವುದಿಲ್ಲ, ಅದಕ್ಕೇ ಇಂಥ ವೈನು ಮಾಡುತ್ತೇನೆ ಎಂದು ನನ್ನ ಪರವಾಗಿ ನಿಂತಿದ್ದರು. ಒಮ್ಮೆ, ಆ ಹೆಣ್ಣುಮಗಳಿಗೆ ಬಟಾಟೆ ಬೇಯಿಸಿ ಬೆಣ್ಣೆ ಹಚ್ಚಲು ಬರುತ್ತದೆಯೋ ಕೇಳು ಎಂದು ಬರೆದರು. ನನ್ನನ್ನು ಕಣ್ಣಾರೆ ಕಾಣದ, ನನ್ನ ಭಾಷೆ ಬಾರದ ಒಬ್ಬ ಹಿರಿಯರು ಅಷ್ಟು ದೂರದಿಂದ ನನ್ನ ಒಲೆಯ ಬಗ್ಗೆ ವಿಚಾರಿಸುತ್ತಿದ್ದರು. ತವರಿನಲ್ಲಿ ನನ್ನ ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ಹಾಗೆ ಕೇಳುವವರೊಬ್ಬರು ಇದ್ದಾರೆ ಎನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತಿತ್ತು.

ಬಟಾಟೆ ಸಂತೆಯಿಂದ ತರಿಸಬೇಕು ಎಂದು ನಾವು ಮಾತಾಡಿಕೊಂಡೆವು. ಆ ವಾರದ ಸಂತೆ ಬರುವ ಮೊದಲೇ ಪೀಟರ್ ಸಾಹೇಬರ ಜೀಪು ಬಂತು. ಅವರು ಬರುವುದು ಭಾನುವಾರ. ಅವತ್ತು ವಾರದ ನಡುವಿನ ದಿನ. ಜೀಪಿನ ಸದ್ದು ಕೇಳಿ ಹೊರಗೆ ಬಂದ ಲೇನಾ ಅವರ ಮುಖ ನೋಡಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳ ಊರಿಂದ ತಾರು ಕ್ಯಾಂಪಿಗೆ ಬಂದಿತ್ತು. ಅವಳ ಅಪ್ಪ ದ್ರಾಕ್ಷಿ ತೋಟದಲ್ಲಿ ಬಳ್ಳಿ ಕತ್ತರಿಸುತ್ತಿದ್ದಾಗಲೇ ಕುಸಿದು ತೀರಿಕೊಂಡಿದ್ದರು. ತಾರು ಅಲ್ಲಿ ಇಲ್ಲಿ ಸುತ್ತಿ ಕೈಸೇರುವಷ್ಟರಲ್ಲಿ ಮಣ್ಣು ಕೂಡ ಆಗಿ ಹೋಗಿತ್ತು.

ಅವಳು ಅಳಲಿಲ್ಲ. ಅತ್ತಿದ್ದರೆ ನಮಗೆ ಏನು ಮಾಡಬೇಕೆಂದು ಗೊತ್ತಾಗುತ್ತಿತ್ತು. ಹೆಂಗಸರು ಕೂಡಿ ಕೂತು ಅಳುವುದು ನಮ್ಮಲ್ಲಿ ಇದ್ದದ್ದೇ. ಅವಳು ಸುಮ್ಮನೆ ಕೂತಳು. ಮಣೆ ಹೊಸ್ತಿಲ ಹೊರಗೆ ಖಾಲಿ ಬಿದ್ದಿತು. ರೊಟ್ಟಿ ಒಯ್ದು ಕೊಟ್ಟರೆ ಸಂಜೆ ಹಾಗೆಯೇ ತಟ್ಟೆಯಲ್ಲಿ ಒಣಗಿರುತ್ತಿತ್ತು. ಚಹಾ ಒಂದಿಷ್ಟು ಗುಟುಕರಿಸುವಳು, ಅದೂ ಒತ್ತಾಯಕ್ಕೆ. ರಾತ್ರಿ ಅವಳ ಕೋಣೆಯ ದೀಪ ಆರುತ್ತಿರಲಿಲ್ಲ. ಒಂದು ದಿನ ನೀರಿನ ಕೊಡ ಎತ್ತಲು ಹೋಗಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತಳು. ಊರ ಡಾಕ್ಟರರು ಬಂದು ನೋಡಿ, ರೋಗ ಏನೂ ಇಲ್ಲ, ಆದರೆ ಹೀಗೇ ಉಣ್ಣದೆ ಇದ್ದರೆ ಇಲ್ಲಿ ಇಟ್ಟುಕೊಳ್ಳುವುದು ಕಷ್ಟ ಎಂದು ಹೇಳಿ ಹೋದರು. ಅಮಾವಾಸ್ಯೆ ಕಳೆದ ಮೇಲೆ ಇಂಡಿ ರೋಡ್ ಸ್ಟೇಷನ್ನಿಗೆ ಕರೆದೊಯ್ದು, ಸೊಲ್ಲಾಪುರದ ಮೇಲೆ ಮುಂಬೈಗೆ, ಅಲ್ಲಿಂದ ಊರಿಗೆ ಕಳಿಸುವುದೆಂದು ಪೀಟರ್ ಸಾಹೇಬರು ನಿಶ್ಚಯ ಮಾಡಿದರು. ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಅಪ್ಪನೇ ಇಲ್ಲದ ಮನೆಗೆ ಒಬ್ಬಳೇ ಹೋಗಿ ಏನು ಮಾಡಲಿ ಎಂದು ನನ್ನ ಹತ್ತಿರ ಹೇಳಿದ್ದಳು. ಆ ಸ್ಥಿತಿಯಲ್ಲಿ ಹೊರಟರೆ ದಾರಿಯಲ್ಲೇ ಏನಾದರೂ ಆದೀತೆಂದು ನನಗೆ ಹೆದರಿಕೆ. ಅವಳು ಒಂದು ತುತ್ತು ಉಂಡರೆ ಸಾಕು ಎಂದು ಪೂಜೆಯಲ್ಲಿ ದಿನವೂ ಬೇಡಿಕೊಂಡೆ.

ಹೀಗಿರುವಾಗ ಒಂದು ದಿನ ಅವಳ ಪಕ್ಕದಲ್ಲಿ ಸುಮ್ಮನೆ ಕೂತಿದ್ದಾಗ ತಾನಾಗಿಯೇ ಮಾತಾಡಿದಳು. ಅವಳ ಊರಲ್ಲಿ ಮಣ್ಣು ಮುಗಿಸಿ ಬಂದವರೆಲ್ಲ ಒಂದೇ ಮೇಜಿಗೆ ಕೂತು ಉಣ್ಣುತ್ತಾರಂತೆ. ಸತ್ತವರು ಮಾಡಿದ ವೈನನ್ನೇ ಎಲ್ಲರಿಗೂ ಹಂಚುತ್ತಾರಂತೆ. ಆ ಊಟದಲ್ಲಿ ನಾನಿರಲಿಲ್ಲ, ಅದು ಆಗದೆ ನನ್ನ ಗಂಟಲಲ್ಲಿ ಏನೂ ಇಳಿಯುವುದಿಲ್ಲ ಎಂದಳು. ಟ್ರಂಕಿನ ಕಡೆ ನೋಡಿದಳು, ಆಮೇಲೆ ನಮ್ಮ ದೇವರಮನೆಯ ಕಡೆ ನೋಡಿದಳು. ಇಷ್ಟು ತಿಂಗಳಲ್ಲಿ ಈ ಮನೆ ಎಂಥದ್ದೆಂದು ಅವಳಿಗೆ ತಿಳಿದುಹೋಗಿತ್ತು.

ನಾನು ಎದ್ದು ಹೋಗಿ ಅತ್ತೆಯವರಿಗೆ ಎಲ್ಲ ಹೇಳಿದೆ. ಬಾಟಲಿಯದೂ ಹೇಳಿದೆ. ಅವರು ಹಿಟ್ಟು ಸಾಣಿಸುತ್ತಿದ್ದರು. ಸಾಣಿಗೆ ನಿಂತಿತು.

"ಎಂದಿನಿಂದ ಐತಿ ಅದು ಮನ್ಯಾಗ?"

"ಬಂದಾಗಿನಿಂದ ಐತ್ರಿ ಅತ್ತಿ."

ಅವರು ಕೈ ಝಾಡಿಸಿಕೊಂಡು ಎದ್ದು ದೇವರಮನೆಗೆ ಹೋದರು. ಪೂಜೆಯ ಹೊತ್ತಲ್ಲದ ಹೊತ್ತಿನಲ್ಲಿ ಲಿಂಗ ಹಿಡಿದು ಕೂತರು. ಮುಗಿಯಿತು, ಇವತ್ತೇ ಕೋಣೆ ಖಾಲಿ ಮಾಡಿಸುತ್ತಾರೆ ಎಂದು ನಾನು ಒಲೆಯ ಮುಂದೆ ಕೂತು ಕಾದೆ. ಯಜಮಾನರು ಶಾಲೆಯಿಂದ ಬಂದು ವಿಷಯ ಕೇಳಿ, ಅವರೂ ಬಾಯಿ ಮುಚ್ಚಿಕೊಂಡು ಪಡಸಾಲೆಯಲ್ಲಿ ಕೂತರು. ತಾಯಿಯ ಮುಂದೆ ಅವರ ಇಂಗ್ಲಿಷೂ ನಡೆಯುತ್ತಿರಲಿಲ್ಲ, ಕನ್ನಡವೂ ನಡೆಯುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅತ್ತೆಯವರು ಹೊರಗೆ ಬಂದು ನೇರ ಲೇನಾಳ ಕೋಣೆಗೆ ಹೋದರು. ಅಷ್ಟು ತಿಂಗಳಲ್ಲಿ ಅವರು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಹೋಗಿ ಅವಳ ಎದುರು ನೆಲದ ಮೇಲೆ ಕೂತರು.

"ನಮ್ಮಪ್ಪ ಹೋದಾಗ ಡೋಣಿ ಹೊಳಿ ತುಂಬಿ ಬಂದಿತ್ತು ಲೀಲವ್ವ. ಈ ದಂಡ್ಯಾಗ ನಿಂತು ಆ ದಂಡಿ ನೋಡಿಕೋತ ಹೊಳ್ಳಿ ಬಂದೇನಿ. ಮಣ್ಣಿಗೆ ಹೋಗಲಾರದ ಮಗಳ ಸಂಕಟ ನನಗ ಗೊತ್ತೈತಿ."

ನನಗೆ ಆ ಸಂಗತಿ ಅಂದಿನತನಕ ಗೊತ್ತಿರಲಿಲ್ಲ. ಯಜಮಾನರಿಗೂ ಗೊತ್ತಿರಲಿಲ್ಲ.

ಆಮೇಲೆ ಅವರು ಹೇಳಿದ್ದು ಇಷ್ಟು. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನು ಸೇರುತ್ತಿತ್ತೋ ಅದನ್ನೇ ಇಡುತ್ತೇವೆ. ನಿಮ್ಮ ಮಾವನಿಗೆ ತಂಬಾಕು ಇಟ್ಟಿದ್ದು ನೋಡಿದ್ದೀಯಲ್ಲ ಎಂದು ನನ್ನ ಕಡೆ ತಿರುಗಿದರು. ಅವಳ ಅಪ್ಪನೂ ಒಬ್ಬ ಹಿರಿಯ. ಅಮಾವಾಸ್ಯೆಯ ದಿನ ಎಡೆ ಇಡೋಣ. ದೇವರಮನೆಯಲ್ಲಿ ಅಲ್ಲ, ಪಡಸಾಲೆಯಲ್ಲಿ ಅಲ್ಲ, ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ. ಸೆರೆ ಎಂದು ಬರುವುದಾದರೆ ಅದು ಹೊಸ್ತಿಲ ಒಳಗೆ ಬರಬಾರದು. ಎಡೆ ಎಂದು ಬರುವುದಾದರೆ ಅಂಗಳದತನಕ ಬರಲಿ.

ಅಮಾವಾಸ್ಯೆಯ ಹಿಂದಿನ ದಿನ ಪೀಟರ್ ಸಾಹೇಬರು ಬಂದು ಬಾಟಲಿಯನ್ನು ಹೊರಗೆ ತಂದುಕೊಟ್ಟರು. ಅದು ತಣ್ಣಗಿರಬೇಕೆಂದು ನನಗೆ ಗೊತ್ತಿತ್ತು. ಬಾವಿಗೆ ಇಳಿಬಿಡೋಣವೆಂದರೆ ಕುಡಿಯುವ ನೀರಿನ ಬಾವಿ, ಅತ್ತೆಯವರನ್ನು ಕೇಳುವ ಧೈರ್ಯ ಆಗಲಿಲ್ಲ. ಹಸಿ ಗೋಣಿತಾಟಿನಲ್ಲಿ ಸುತ್ತಿ ಅಂಗಳದ ಮೂಲೆಯಲ್ಲಿ, ಬಚ್ಚಲ ಗೋಡೆಯ ನೆರಳಿಗೆ ಇಟ್ಟೆ. ಅಲ್ಲಿ ಸದಾ ತಂಪು. ಚಿಮಣಿ ಎಣ್ಣೆಯ ಡಬ್ಬಿಯನ್ನೂ ನಾವು ಅಲ್ಲೇ ಇಡುತ್ತಿದ್ದೆವು.

ಅಡುಗೆ ನನ್ನದು. ಏನು ಮಾಡಬೇಕೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬಟಾಟೆ ಸಿಪ್ಪೆ ಸಮೇತ ಬೇಯಿಸಿ ಸುಲಿದು, ಬೆಳಿಗ್ಗೆ ಕಡೆದ ಬೆಣ್ಣೆ ಹಚ್ಚಿ ಉಪ್ಪು ಉದುರಿಸಿದೆ. ಕಟ್ಟಿದ ಮೊಸರಿಗೆ ಎಳೆ ಸೌತೆಕಾಯಿ ಹೆಚ್ಚಿ ಹಾಕಿದೆ. ಮೆಣಸಿನಕಾಯಿ ಇಲ್ಲದ ಉಳ್ಳಾಗಡ್ಡಿ ಭಜಿ, ಉಪ್ಪಿನ ಶೇಂಗಾ, ತೆಳ್ಳಗೆ ಬಡಿದ ಜೋಳದ ಖಡಕ್ ರೊಟ್ಟಿ. ಕನ್ನೊಳ್ಳಿಯ ಒಬ್ಬ ರೈತರು ಪೀಟರ್ ಸಾಹೇಬರ ಕೈಯಲ್ಲಿ ಹಾಲುಗಾಳಿನ ಜೋಳದ ತೆನೆ ಕಳಿಸಿದ್ದರು, ಅದನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ಸೀತನಿ ಮಾಡಿದೆ. ಅತ್ತೆಯವರು ಬಂದು ಪ್ರತಿಯೊಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಸಿಹಿ ಎಲ್ಲಿ ಎಂದು ಕೇಳಿದರು.

ಸಿಹಿ ಮಾಡಿಲ್ಲವೆಂದೆ. ಅವರ ಹುಬ್ಬು ಗಂಟಾಯಿತು. ಹುಗ್ಗಿಯೋ ಸಜ್ಜಕವೋ ಏನಾದರೂ ಇಲ್ಲದೆ ಎಡೆ ಇಟ್ಟದ್ದು ಅವರ ಜನ್ಮದಲ್ಲಿ ಇಲ್ಲ. ಸಿಹಿ ಇಲ್ಲದಿದ್ದರೆ ಹಿರಿಯರು ಮುನಿದು ಹೋಗುತ್ತಾರೆ, ಪರದೇಶದ ಹಿರಿಯರಾದರೇನು ಎಂದು ಬೆಲ್ಲದ ಡಬ್ಬಿಗೆ ಕೈ ಹಾಕಿದರು. ಅಂಗಳದಲ್ಲಿದ್ದ ಲೇನಾ ಒಳಗೆ ನೋಡುತ್ತಿದ್ದಳು, ಬೇಡ ಎನ್ನುವ ಅಧಿಕಾರ ತನಗೆ ಇಲ್ಲವೆಂದು ಸುಮ್ಮನಿದ್ದಳು. ನಾನೇ ಬಾಯಿ ಬಿಟ್ಟೆ. ಅವರಿಗೆ ಸಿಹಿ ಸೇರುತ್ತಿರಲಿಲ್ಲ, ಪತ್ರದಲ್ಲಿ ಹಾಗೆ ಬರೆದಿದ್ದರು ಎಂದೆ.

ಅತ್ತೆಯವರು ಬಾಗಿಲಿಗೆ ಬಂದರು. "ಖರೇ ಏನ ಲೀಲವ್ವ? ನಿಮ್ಮಪ್ಪ ಸಿಹಿ ಉಣತಿರಲಿಲ್ಲೇನು?"

"ಇಲ್ರಿ ಅವ್ವಾರ. ಹಬ್ಬದಾಗೂ ಇಲ್ರಿ."

ಡಬ್ಬಿಯ ಮುಚ್ಚಳ ಹಾಕಿದರು. "ಹಂಗಾರ ಬ್ಯಾಡ. ಉಣ್ಣಾವರು ಅವರು."

ಬೇವಿನ ಗಿಡದ ಕೆಳಗೆ ಸಾರಿಸಿ ರಂಗೋಲಿ ಹಾಕಿದೆ. ಮಣೆಯ ಮೇಲೆ ಲೇನಾ ಅಪ್ಪನ ಫೋಟೋ ಇಟ್ಟಳು. ಟೊಪ್ಪಿಗೆ ಹಾಕಿದ, ಕೈಯಲ್ಲಿ ಬಳ್ಳಿ ಕತ್ತರಿಸುವ ಕತ್ತರಿ ಹಿಡಿದ, ನಗದೆ ನಗುವ ಮುಖ. ಇವರಿಗೆ ವಿಭೂತಿ ಹಚ್ಚಬಹುದೋ ಬಾರದೋ ಎಂದು ಅತ್ತೆಯವರು ಒಂದು ಗಳಿಗೆ ಯೋಚಿಸಿ, ಫೋಟೋದ ಕೆಳಗೆ ಮಣೆಗೆ ಹಚ್ಚಿದರು. ಲೇನಾ ಒಂದು ಮೇಣದಬತ್ತಿ ಹಚ್ಚಿದಳು. ಪತ್ರಾವಳಿಯಲ್ಲಿ ನಾನು ಒಂದೊಂದೇ ಬಡಿಸಿದೆ. ಮನೆಯಲ್ಲಿ ಗಾಜಿನದೆಂದರೆ ಬೀಗರು ಬಂದಾಗ ಚಹಾ ಕೊಡುವ ಲೋಟಗಳು, ಅವುಗಳಲ್ಲಿ ಒಂದನ್ನು ಬೂದಿಯಿಂದ ಉಜ್ಜಿ ತೊಳೆದು ಪಕ್ಕದಲ್ಲಿಟ್ಟೆ. ಪೀಟರ್ ಸಾಹೇಬರು ಯಂತ್ರದ ಒಂದು ಉದ್ದ ಸ್ಕ್ರೂವನ್ನು ಬೂಚಿಗೆ ತಿರುಗಿಸಿ ಪಕ್ಕಡದಿಂದ ಎಳೆದರು. ಬೂಚು ಬಂತು. ಲೋಟಕ್ಕೆ ಸುರಿದರು. ಎಳೆ ಬಿಸಿಲಿನಂಥ ತಿಳಿ ಹಳದಿ.

ಗಾಳಿ ಅತ್ತೆಯವರ ಕಡೆಗಿತ್ತು. ಅವರು ಮೂಗು ಏರಿಸಿ ನನ್ನ ಕಡೆ ನೋಡಿದರು.

"ಶಾಂತಾ, ಚಿಮಣಿ ಎಣ್ಣಿ ವಾಸನಿ ಬರತೈತಲ್ಲ?"

ನಾನೂ ಬಗ್ಗಿ ನೋಡಿದೆ. ನಿಂಬೆ ಸಿಪ್ಪೆ, ಹಸಿ ಕಲ್ಲು, ಅದರ ನಡುವೆ ಸುಳ್ಳೇ ಅಲ್ಲ, ಚಿಮಣಿ ಎಣ್ಣೆ. ಡಬ್ಬಿಯ ಪಕ್ಕದಲ್ಲಿ ಇಟ್ಟವಳು ನಾನು. ಡಬ್ಬಿ ಸೋರಿ ಗೋಣಿತಾಟಿಗೆ ಹತ್ತಿ ಬೂಚಿನೊಳಗೆ ಇಳಿದಿದೆ, ಸತ್ತವರ ಕೊನೆಯ ಬಾಟಲಿಯನ್ನು ಕೆಡಿಸಿಬಿಟ್ಟೆ ಎಂದು ಅಲ್ಲೇ ಕುಸಿದು ಕೂತೆ. ಅತ್ತೆಯವರೂ ಹಾಗೇ ತಿಳಿದರು. ಗೋಣಿತಾಟು ತಂದು ಮೂಸಿದರು, ಡಬ್ಬಿಯ ತಳ ಮುಟ್ಟಿ ನೋಡಿದರು. ಎರಡೂ ಒಣಗಿದ್ದವು, ಆದರೂ ಮೂಗು ಸುಳ್ಳು ಹೇಳುತ್ತದೆಯೇ?

ಲೇನಾ ಲೋಟವನ್ನು ಎತ್ತಿಕೊಂಡಳು. ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಹಾಗೇ ನಿಂತಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತಿದ್ದೆವು. ತುಟಿ ಅದುರಿತು, ಆಮೇಲೆ ಗಲ್ಲ, ಆಮೇಲೆ ಇಡೀ ಮೈ. ಅಷ್ಟು ದಿನ ಬಾರದ ಅಳು ಬಂತು. ನನ್ನ ಪಕ್ಕದಲ್ಲಿ ಕೂತು ನನ್ನ ತೋಳು ಹಿಡಿದುಕೊಂಡು ಅತ್ತಳು.

"ಕೆಟ್ಟಿಲ್ರಿ ಅಕ್ಕಾರ. ಹಳೇದಾದ್ರ ಹಿಂಗ ವಾಸನಿ ಬರತೈತಿ. ನಮ್ಮಪ್ಪನ ಅಂಗಿ ಹಿಂಗ ಇತ್ರಿ. ಪೀಪಾಯಿ ಇಡೂ ನೆಲಮನಿಯಿಂದ ಮ್ಯಾಲ ಬಂದ್ರ ಹಿಂಗ."

ವರ್ಷ ಕಳೆದಂತೆ ಆ ದ್ರಾಕ್ಷಿಯ ವೈನಿಗೆ ಅದೇ ವಾಸನೆ ಬರುತ್ತದಂತೆ, ಅದು ಅದರ ಹಿರಿತನವಂತೆ. ಯಜಮಾನರು ಪೀಟರ್ ಸಾಹೇಬರನ್ನು ಕೇಳಿ ಕನ್ನಡದಲ್ಲಿ ತಿಳಿಸಿದರು. ಅತ್ತೆಯವರು ಗೋಣಿತಾಟು ಕೆಳಗಿಟ್ಟು ಲೇನಾಳ ಹತ್ತಿರ ಬಂದು ಕೂತರು. ಅಳುವವರ ಬೆನ್ನು ಸವರುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಅತ್ತು ಮುಗಿಯುವತನಕ ಯಾರೂ ಅವಸರ ಮಾಡಲಿಲ್ಲ.

ಕಾಯಿ ಒಡೆದು ಕರ್ಪೂರ ಬೆಳಗಿದ ಮೇಲೆ ಎಡೆ ಎತ್ತಿದೆವು. ಅತ್ತೆಯವರು ಪತ್ರಾವಳಿಯಿಂದ ಒಂದು ಬಟಾಟೆ ಮುರಿದು ಲೇನಾಳ ಬಾಯಿಗೆ ತಾವೇ ಇಟ್ಟರು. ಅವಳು ಅಗಿದಳು. ಲೋಟದಿಂದ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಅವಳ ಗಂಟಲು ಮೇಲೆ ಕೆಳಗೆ ಆಡಿದ್ದನ್ನು ನಾನು ಕಣ್ಣಾರೆ ಕಂಡೆ. ಇಳಿಯಿತು. ಆಮೇಲೆ ಮೊಸರು, ಆಮೇಲೆ ರೊಟ್ಟಿಯ ಚೂರು, ಆಮೇಲೆ ಸೀತನಿ ಒಂದು ಹಿಡಿ. ಒಂದೊಂದು ತುತ್ತಿಗೂ ಒಂದೊಂದು ಗುಟುಕು. ಅವಳು ಉಣ್ಣುವುದನ್ನು ನೋಡುತ್ತ ಪೀಟರ್ ಸಾಹೇಬರು ಬೇರೆ ಕಡೆ ಮುಖ ಮಾಡಿಕೊಂಡರು. ಕಡೆಗೆ ಅತ್ತೆಯವರೇ ಕೇಳಿದರು, ನಡೆಯಿತೇನು ಎಂದು. ಬಾಯಿ ತುಂಬ ಇದ್ದುದರಿಂದ ಅವಳು ಬರೀ ತಲೆಯಾಡಿಸಿದಳು.

ಆದರೆ ಅಲ್ಲೊಂದು ತೊಡಕು ಇತ್ತು, ಅದು ಆತನಕ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಎಡೆ ಹಿಡಿದದ್ದು ಪ್ರಸಾದ. ಪ್ರಸಾದವನ್ನು ಮನೆಯವರು ಬೇಡವೆನ್ನುವಂತಿಲ್ಲ. ಬಟಾಟೆ, ರೊಟ್ಟಿ, ಮೊಸರು ನಾವೂ ತಿಂದೆವು. ಲೇನಾಳಿಗೆ ನಮ್ಮ ಪದ್ಧತಿ ಗೊತ್ತಿತ್ತು. ತನ್ನ ಊರಲ್ಲಿ ಹಂಚುವ ಹಾಗೆ ಅವಳು ಲೋಟ ತುಂಬಿ ಎರಡೂ ಕೈಯಿಂದ ಹಿಡಿದು ಅತ್ತೆಯವರ ಮುಂದೆ ಚಾಚಿದಳು.

ಅತ್ತೆಯವರು ಲೋಟ ತೆಗೆದುಕೊಂಡರು. ಅದನ್ನು ಒಮ್ಮೆ ಬಲಗಣ್ಣಿಗೆ, ಒಮ್ಮೆ ಎಡಗಣ್ಣಿಗೆ ಒತ್ತಿಕೊಂಡರು. ನನ್ನ ಕೈಗೆ ಕೊಟ್ಟರು. ನಾನೂ ಹಾಗೇ ಮಾಡಿದೆ, ಗಾಜು ರೆಪ್ಪೆಗೆ ತಣ್ಣಗೆ ತಾಗಿತು. ನನ್ನಿಂದ ಯಜಮಾನರಿಗೆ. ಅವರಿಂದ ಅದನ್ನು ತಿರುಗಿ ಇಸಿದುಕೊಂಡು ಅತ್ತೆಯವರು ಲೇನಾಳ ಕೈಯಲ್ಲಿಟ್ಟರು.

"ನಮಗ ಮುಟ್ಟಿತವ್ವ. ನಮ್ಮ ಪಾಲಿಂದು ನೀ ಕುಡಿ. ಮಗಳು ಕುಡದ್ರ ನಾವೆಲ್ಲ ಕುಡದಂಗ."

ಅವಳು ಕುಡಿದಳು. ಪೀಟರ್ ಸಾಹೇಬರಿಗೂ ಕೊಟ್ಟಳು. ಇಬ್ಬರೂ ಫೋಟೋದ ಕಡೆ ನೋಡುತ್ತ ಅವರ ಭಾಷೆಯಲ್ಲಿ ಮೆಲ್ಲಗೆ ಏನೋ ಮಾತಾಡಿಕೊಂಡರು, ಒಮ್ಮೆ ನಕ್ಕರು ಕೂಡ. ಬಾಟಲಿಯ ತಳದಲ್ಲಿ ಉಳಿದ ಒಂದಿಷ್ಟನ್ನು ಲೇನಾ ಬೇವಿನ ಬುಡಕ್ಕೆ ಸುರಿದಳು. ಅತ್ತೆಯವರು ಬೇಡವೆನ್ನಲಿಲ್ಲ.

ಬಿಸಿಲು ಹೊರಳುವ ಹೊತ್ತಿಗೆ ಅವಳು ಪಾತ್ರೆ ಎತ್ತಲು ಎದ್ದವಳು, ಕಟ್ಟೆಯ ಮೇಲೆ ಗೋಡೆಗೆ ತಲೆ ಆನಿಸಿದಳು. ನೋಡುತ್ತಿದ್ದ ಹಾಗೇ ನಿದ್ದೆ ಹತ್ತಿತು. ಅತ್ತೆಯವರು ಒಳಗಿನಿಂದ ತಮ್ಮ ಕೌದಿ ತಂದು ಹೊದಿಸಿದರು. ಜೀಪಿನ ಹತ್ತಿರ ಹೋಗಿದ್ದ ಪೀಟರ್ ಸಾಹೇಬರು, ನಾಳೆ ಸ್ಟೇಷನ್ನಿಗೆ ಎಷ್ಟು ಹೊತ್ತಿಗೆ ಹೊರಡಬೇಕೆಂದು ಹೇಳಲು ಬೂಟು ಸದ್ದು ಮಾಡುತ್ತ ಬಂದರು. ಅತ್ತೆಯವರು ತುಟಿಯ ಮೇಲೆ ಬೆರಳಿಟ್ಟು ಅವರ ಕಾಲು ತೋರಿಸಿದರು. ಅವರು ಅಲ್ಲೇ ನಿಂತು ಬೂಟು ಬಿಚ್ಚಿದರು. ಬರಿಗಾಲಲ್ಲಿ ಬಂದು ಹೆಂಡತಿಯ ಮುಖ ನೋಡಿದರು, ಕೋಣೆಯೊಳಗೆ ಕಟ್ಟಿಟ್ಟಿದ್ದ ಟ್ರಂಕು ನೋಡಿದರು. ಟ್ರಂಕಿನ ಹಗ್ಗ ಬಿಚ್ಚಿ, ಬೂಟು ಕೈಯಲ್ಲೇ ಹಿಡಿದು ಅಂಗಳ ದಾಟಿ ಒಬ್ಬರೇ ಕ್ಯಾಂಪಿಗೆ ಹೊರಟುಹೋದರು.

ನಾನು ಹಿತ್ತಲಲ್ಲಿ ಖಾರ ಕುಟ್ಟಲು ಕೂತಿದ್ದೆ. ಒನಕೆ ಎತ್ತುವಷ್ಟರಲ್ಲಿ ಅತ್ತೆಯವರು ಬಾಗಿಲಿಗೆ ಬಂದು ನಿಂತರು.

"ಇವತ್ತ ಕುಟ್ಟಬ್ಯಾಡ ಶಾಂತಾ. ಮಲಗಲಿ."